ಶೋಕದಲ್ಲಿ ಶರಣು: ಸಿ. ಎಸ್. ಲೂಯಿಸ್ ಅವರ ಒಂದು ಕಿರುಹೊತ್ತಿಗೆಯ ವಿಮರ್ಶೆ

ಇಷ್ಟವಿಯೋಗವು ಸಂಸಾರಿ ಜೀವಿಗೆ ತಪ್ಪಿದ್ದಲ್ಲ. ಸಿರಿವಂತನಿಗೂ ಬಡವನಿಗೂ, ಪಂಡಿತನಿಗೂ ಪಾಮರನಿಗೂ ಅದು ಒಂದೇ ರೀತಿಯಲ್ಲಿ ಬಂದೆರಗುತ್ತದೆ. ಆ ಘಳಿಗೆಯಲ್ಲಿ ಮನುಷ್ಯನು ತಾನು ನಂಬಿದ ಧರ್ಮದ ಕಡೆಗೆ ಕೈಚಾಚುತ್ತಾನೆ. ಚಾಚಿದ ಕೈಗೆ ಏನು ದೊರೆಯುತ್ತದೆ ಎಂಬುದೇ ನಂಬಿಕೆಯ ನಿಜವಾದ ಒರೆಗಲ್ಲು. ಕ್ರೈಸ್ತಧರ್ಮದ ಪ್ರಖ್ಯಾತ ಪ್ರತಿಪಾದಕರೊಬ್ಬರು ಈ ಒರೆಗಲ್ಲಿನ ಮೇಲೆ ತಮ್ಮನ್ನೇ ಉಜ್ಜಿ ನೋಡಿಕೊಂಡ ದಾಖಲೆಯೊಂದಿದೆ. ೧೯೬೧ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ 'ಎ ಗ್ರೀಫ್ ಅಬ್ಸರ್ವ್ಡ್' ಎಂಬ ಆ ಕಿರುಹೊತ್ತಿಗೆ, ದುಃಖದಲ್ಲಿ ಧರ್ಮವು ನೀಡುವ ಸಾಂತ್ವನವೆಂದರೆ ಏನು, ಏನಲ್ಲ ಎಂಬುದನ್ನು ವಿಚಾರಿಸುವವರೆಲ್ಲರೂ ಓದಬೇಕಾದ ಕೃತಿ.

ಅನ್ಯಮತದ ಗ್ರಂಥವನ್ನು ಶ್ರಾವಕರು ಓದಬೇಕಾದ ಅಗತ್ಯವೇನೆಂದು ಕೆಲವರು ಕೇಳಬಹುದು. ಜೈನ ವೈಯಾಕರಣ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಶ್ರಮವಹಿಸಿ ಸಂಪಾದಿಸಿ ೧೮೭೨ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದವರು ಬಾಸೆಲ್ ಮಿಷನ್ನಿನ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್. ಪರಮತದವನ ಗ್ರಂಥವೆಂದು ಅವರು ಅದನ್ನು ಬದಿಗೆ ಸರಿಸಲಿಲ್ಲ. ಅನೇಕಾಂತವನ್ನು ವೇದಿಕೆಯ ಮೇಲೆ ಕೊಂಡಾಡುವ ಸಮಾಜವು ಅಷ್ಟೇ ಶ್ರದ್ಧೆಯಿಂದ ಕ್ರೈಸ್ತರ ಒಂದು ಒಳ್ಳೆಯ ಪುಸ್ತಕವನ್ನು ಓದಿದರೆ ಸಮ್ಯಕ್ತ್ವಕ್ಕೆ ಕುಂದೇನೂ ಬಾರದು.

ಗ್ರಂಥಕರ್ತರ ಜೀವನವನ್ನು ತಿಳಿಯದೆ ಗ್ರಂಥದ ತೂಕ ತಿಳಿಯುವುದಿಲ್ಲ. ಕ್ಲೈವ್ ಸ್ಟೇಪಲ್ಸ್ ಲೂಯಿಸ್ ೧೮೯೮ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ೧೯೦೮ರಲ್ಲಿ, ಅವರಿಗೆ ಇನ್ನೂ ಒಂಬತ್ತು ವರ್ಷ ತುಂಬಿದ್ದಾಗ, ತಾಯಿ ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ತಾಯಿ ಗುಣವಾಗಲೆಂದು ಬಾಲಕ ಮಾಡಿದ ಪ್ರಾರ್ಥನೆ ಫಲಿಸಲಿಲ್ಲ. ಬೆಳೆಯುತ್ತ ಅವರು ನಾಸ್ತಿಕರಾದರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋರಾಡಿ ೧೯೧೮ರಲ್ಲಿ ಗಾಯಗೊಂಡರು. ಅನಂತರ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿ, ದೀರ್ಘಕಾಲದ ವಿಚಾರಮಂಥನದ ಫಲವಾಗಿ ೧೯೩೧ರಲ್ಲಿ ಕ್ರೈಸ್ತಧರ್ಮಕ್ಕೆ ಮರಳಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಅವರು ಮಾಡಿದ ಧರ್ಮೋಪನ್ಯಾಸಗಳು ಅವರನ್ನು ಮನೆಮಾತಾಗಿಸಿದವು.

ಆ ಯುದ್ಧದ ಆರಂಭದಲ್ಲಿಯೇ, ೧೯೪೦ರಲ್ಲಿ, ಅವರು 'ದಿ ಪ್ರಾಬ್ಲಂ ಆಫ್ ಪೇನ್' ಎಂಬ ಗ್ರಂಥವನ್ನು ಬರೆದರು. ಸರ್ವಶಕ್ತನೂ ಪರಮದಯಾಳುವೂ ಆದ ದೇವರು ಸೃಷ್ಟಿಸಿದ ಲೋಕದಲ್ಲಿ ದುಃಖವೇಕೆ ಎಂಬುದು ಅಲ್ಲಿನ ಪ್ರಶ್ನೆ. ಸುಖದಲ್ಲಿ ದೇವರ ದನಿಗೆ ಕಿವಿಗೊಡದ ಮಾನವನನ್ನು ಎಚ್ಚರಿಸಲು ದುಃಖವು ಆತನ ಗಟ್ಟಿಯಾದ ಕೂಗು ಎಂಬುದು ಅಲ್ಲಿನ ಪ್ರಸಿದ್ಧ ಸಮಾಧಾನ. ಪ್ರಾಣಿಗಳ ನೋವಿಗೂ ಅದರಲ್ಲಿ ಒಂದು ಅಧ್ಯಾಯ ಮೀಸಲಾಗಿದೆ. ಆ ಅಧ್ಯಾಯ ಜೈನ ಓದುಗರಿಗೆ ತೃಪ್ತಿ ಕೊಡಲಾರದು. ಪ್ರಾಣಿಯಲ್ಲಿ ಸ್ವತಂತ್ರವಾದ ಜೀವವನ್ನು ಕಾಣಲು ಅಲ್ಲಿ ಹಿಂಜರಿಕೆಯಿದೆ. ಆದರೂ ಅದೇ ಲೂಯಿಸ್ ೧೯೪೭ರಲ್ಲಿ ಜೀವಂತ ಪ್ರಾಣಿಗಳನ್ನು ಪ್ರಯೋಗಕ್ಕಾಗಿ ಕೊಯ್ಯುವುದರ ವಿರುದ್ಧ ಲೇಖನ ಬರೆದರೆಂಬುದನ್ನು ಅಹಿಂಸಾಪ್ರಿಯರು ಮರೆಯಬಾರದು. ಒಟ್ಟಿನಲ್ಲಿ ೧೯೪೦ರ ಗ್ರಂಥವು ತರ್ಕಬದ್ಧವೂ ಸುಸಂಘಟಿತವೂ ಆದದ್ದು. ಬುದ್ಧಿಯ ತೊಡಕನ್ನು ಬಿಡಿಸುವುದಷ್ಟೇ ಅದರ ಉದ್ದೇಶವೆಂದೂ, ನೋವನ್ನು ಸಹಿಸುವ ವಿದ್ಯೆಯನ್ನು ಕಲಿಸುವ ಯೋಗ್ಯತೆ ತಮಗಿಲ್ಲವೆಂದೂ ಮುನ್ನುಡಿಯಲ್ಲಿ ಅವರೇ ಒಪ್ಪಿಕೊಂಡಿದ್ದರು. ಆ ವಿದ್ಯೆಯ ಪರೀಕ್ಷೆ ಇಪ್ಪತ್ತು ವರ್ಷಗಳ ನಂತರ ಬಂದಿತು.

ಜಾಯ್ ಡೇವಿಡ್‌ಮನ್ ಅಮೆರಿಕದ ಕವಯಿತ್ರಿ; ಯೆಹೂದಿ ಮನೆತನದಲ್ಲಿ ಹುಟ್ಟಿ, ಕೆಲಕಾಲ ಕಮ್ಯುನಿಸ್ಟರ ಪಕ್ಷದಲ್ಲಿದ್ದು, ಕೊನೆಗೆ ಕ್ರೈಸ್ತರಾದವರು. ಮೊದಲ ಮದುವೆ ಮುರಿದು, ಇಬ್ಬರು ಗಂಡುಮಕ್ಕಳೊಡನೆ ಇಂಗ್ಲೆಂಡಿಗೆ ಬಂದು ನೆಲೆಸಿದ್ದರು. ಅವರಿಗೆ ಆ ದೇಶದಲ್ಲಿ ಉಳಿಯಲು ಅನುಕೂಲವಾಗಲೆಂದು ಲೂಯಿಸ್ ೧೯೫೬ರ ಏಪ್ರಿಲ್‌ನಲ್ಲಿ ನೋಂದಣಿ ವಿವಾಹ ಮಾಡಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಕೆಯ ತೊಡೆಯ ಮೂಳೆ ಮುರಿದಾಗ, ಅದಕ್ಕೆ ಕ್ಯಾನ್ಸರ್ ಕಾರಣವೆಂದು ತಿಳಿಯಿತು. ೧೯೫೭ರ ಮಾರ್ಚ್ ೨೧ರಂದು ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲಿಯೇ ಪಾದ್ರಿಯೊಬ್ಬರು ಅವರಿಬ್ಬರ ಧಾರ್ಮಿಕ ವಿವಾಹವನ್ನು ನೆರವೇರಿಸಿ, ರೋಗಿಗಾಗಿ ಪ್ರಾರ್ಥಿಸಿದರು. ವೈದ್ಯರು ಆಸೆ ಬಿಟ್ಟಿದ್ದ ಆಕೆ ಚೇತರಿಸಿಕೊಂಡು ನಡೆದಾಡುವಂತಾದರು. ಮೂರು ವರ್ಷಗಳ ದಾಂಪತ್ಯಸುಖ ಅವರಿಗೆ ದೊರೆಯಿತು. ಆಮೇಲೆ ರೋಗ ಮರುಕಳಿಸಿತು. ೧೯೬೦ರ ಏಪ್ರಿಲ್‌ನಲ್ಲಿ ಇಬ್ಬರೂ ಗ್ರೀಸ್ ದೇಶವನ್ನು ನೋಡಿ ಬಂದರು. ಜುಲೈ ೧೩ರಂದು ಆಕೆ ಕೊನೆಯುಸಿರೆಳೆದರು. ಆಕೆಗೆ ನಲವತ್ತೈದು ವರ್ಷ. ಲೂಯಿಸ್ ಅವರಿಗೆ ಅರವತ್ತೊಂದು.

ಆ ನಂತರದ ದಿನಗಳಲ್ಲಿ ಮನೆಯಲ್ಲಿದ್ದ ಖಾಲಿ ಪುಸ್ತಕಗಳಲ್ಲಿ ಅವರು ಬರೆದುಕೊಂಡ ಟಿಪ್ಪಣಿಗಳೇ ಈ ಕೃತಿ. ಅದು ನಾಲ್ಕು ಭಾಗಗಳಲ್ಲಿದೆ. ಪ್ರಕಟಿಸುವಾಗ ಎನ್. ಡಬ್ಲ್ಯೂ. ಕ್ಲರ್ಕ್ ಎಂಬ ಕಲ್ಪಿತ ನಾಮವನ್ನು ಇಟ್ಟುಕೊಂಡರು. ಪತ್ನಿಯನ್ನು ಒಂದೇ ಅಕ್ಷರದಿಂದ ಸೂಚಿಸಿದರು. ಅವರು ೧೯೬೩ರ ನವೆಂಬರ್ ೨೨ರಂದು ತೀರಿಕೊಂಡ ಮೇಲೆಯೇ ಅದು ಅವರ ನಿಜನಾಮದಿಂದ ಓದುಗರ ಕೈಸೇರಿದ್ದು.

ಮೊದಲನೆಯ ಭಾಗದಲ್ಲಿ ಕಾಣುವವರು ರೇಡಿಯೋದ ಧರ್ಮೋಪದೇಶಕರಲ್ಲ. ಶೋಕವು ಹೆದರಿಕೆಯಂತೆ ಮೈಯಲ್ಲಿ ನಡುಕ ಹುಟ್ಟಿಸುತ್ತದೆಂದು ಅವರು ಗುರುತಿಸುತ್ತಾರೆ. ಯಾವ ಕೆಲಸಕ್ಕೂ ಮನಸ್ಸು ಏಳದು. ಪರಿಚಿತರು ಎದುರಾದಾಗ ಮೃತಳ ಹೆಸರನ್ನು ಎತ್ತಬೇಕೋ ಬಿಡಬೇಕೋ ತಿಳಿಯದೆ ತಡವರಿಸುತ್ತಾರೆ. ದುಃಖಿತನೇ ಊರಿಗೆಲ್ಲ ಮುಜುಗರದ ವಸ್ತುವಾಗುತ್ತಾನೆ. ಎಲ್ಲಕ್ಕಿಂತ ಘೋರವಾದದ್ದು ದೇವರ ಮೌನ. ಸುಖದಲ್ಲಿದ್ದಾಗ ಸ್ವಾಗತಿಸಿದ ಬಾಗಿಲು ಅತ್ಯಂತ ಅಗತ್ಯದ ಸಮಯದಲ್ಲಿ ಒಳಗಿನಿಂದ ಅಗುಳಿ ಹಾಕಿಕೊಂಡಿತೆಂದು ಅವರಿಗೆ ತೋರುತ್ತದೆ. ದೇವರಿಲ್ಲವೆಂದು ಅವರಿಗೆ ಅನಿಸುವುದಿಲ್ಲ. ದೇವರು ಇಂಥವನೇ ಇರಬಹುದೆ ಎಂಬುದು ಅವರ ಭಯ.

ಎರಡನೆಯ ಭಾಗದಲ್ಲಿ ಆ ಭಯ ಆರೋಪವಾಗುತ್ತದೆ. ಆಕೆ ಈಗ ದೇವರ ಕೈಯಲ್ಲಿ ಸುಖವಾಗಿದ್ದಾಳೆಂದು ಸಮಾಧಾನ ಹೇಳಿದವರಿಗೆ ಅವರು ಕೊಡುವ ಉತ್ತರ ಕಠೋರವಾದದ್ದು: ಬದುಕಿದ್ದಾಗಲೂ ಆಕೆ ಅದೇ ಕೈಯಲ್ಲಿದ್ದಳಲ್ಲವೆ, ಆ ಕೈ ಮಾಡಿದ್ದನ್ನು ಕಣ್ಣಾರೆ ಕಂಡದ್ದಾಗಿದೆಯಲ್ಲ. ಸತ್ತವರೆಲ್ಲರೂ ಆಚೆಯ ದಡದಲ್ಲಿ ಮತ್ತೆ ಒಂದೇ ಸಂಸಾರವಾಗಿ ಕೂಡುತ್ತಾರೆಂಬ ಜನಪ್ರಿಯ ಸಮಾಧಾನವನ್ನೂ ಅವರು ಒಪ್ಪುವುದಿಲ್ಲ. ಅಂಥ ಚಿತ್ರಕ್ಕೆ ಧರ್ಮಗ್ರಂಥದಲ್ಲಿ ಆಧಾರವಿಲ್ಲವೆನ್ನುತ್ತಾರೆ. ಧರ್ಮವು ಸತ್ಯವೆಂದು ಹೇಳುವವರ ಮಾತನ್ನು ಕೇಳಲು ಅವರು ಸಿದ್ಧರು. ಧರ್ಮವು ಹಿತಕರವೆಂದು ಹೇಳುವವರ ಮಾತು ಅವರಿಗೆ ಬೇಡ. ಇದು ಸಾಮಾನ್ಯವಾದ ಮಾತಲ್ಲ. ನೋವು ಶಮನವಾಗುವುದೆಂಬ ಕಾರಣಕ್ಕೆ ಒಂದು ನಂಬಿಕೆಯನ್ನು ಹಿಡಿಯುವುದು ವ್ಯಾಪಾರವಾದೀತೇ ಹೊರತು ಶ್ರದ್ಧೆಯಾಗದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿಃಕಾಂಕ್ಷಿತವನ್ನು ಎಣಿಸಿದ ಆಚಾರ್ಯರು ಈ ಮಾತಿಗೆ ತಲೆದೂಗುತ್ತಿದ್ದರು.

ಮೂರನೆಯ ಭಾಗವು ಕೃತಿಯ ಹೃದಯಭಾಗ. ಆರೋಪಿಸುತ್ತಿದ್ದವರು ಇಲ್ಲಿ ತಮ್ಮ ಕಡೆಗೆ ತಿರುಗುತ್ತಾರೆ. ಲೋಕದಲ್ಲಿ ರೋಗ, ಯುದ್ಧ, ಮರಣಗಳಿವೆಯೆಂಬುದು ಅವರಿಗೆ ಮೊದಲೇ ಗೊತ್ತಿತ್ತು, ಗ್ರಂಥವನ್ನೇ ಬರೆದಿದ್ದರು. ತನ್ನ ಮನೆಗೆ ಸಾವು ಬಂದೊಡನೆ ಕುಸಿದ ಶ್ರದ್ಧೆಯು ಇಸ್ಪೀಟು ಎಲೆಗಳಿಂದ ಕಟ್ಟಿದ ಮನೆಯಂಥದು. ಪರರ ದುಃಖ ನಿಜವಾಗಿಯೂ ಮನಸ್ಸಿಗೆ ತಟ್ಟಿದ್ದರೆ ಸ್ವಂತ ದುಃಖದಿಂದ ಅದು ಉರುಳುತ್ತಿರಲಿಲ್ಲವೆಂದು ಅವರು ತೀರ್ಮಾನಿಸುತ್ತಾರೆ. ದಿನದ ಕಿರ್ದಿಯಲ್ಲಿ ನಷ್ಟವನ್ನೂ ಮುಚ್ಚಿಡದೆ ಬರೆಯುವ ಪ್ರಾಮಾಣಿಕ ಗುಮಾಸ್ತನ ನಿಷ್ಠೆ ಇಲ್ಲಿದೆ. ಧಾರ್ಮಿಕ ಸಾಹಿತ್ಯದಲ್ಲಿ ಇಂಥ ಆತ್ಮಾಲೋಚನೆ ವಿರಳ.

ಅದೇ ಭಾಗದಲ್ಲಿ ಅವರು ಶಸ್ತ್ರವೈದ್ಯನ ದೃಷ್ಟಾಂತವನ್ನು ಕೊಡುತ್ತಾರೆ. ವೈದ್ಯನು ದಯಾಳುವಾದಷ್ಟೂ ರೋಗಿ ಅಂಗಲಾಚಿದನೆಂದು ನಡುವೆ ಕೈಬಿಡಲಾರನು. ದೇವರೂ ಹಾಗೆಯೇ ಎಂಬುದು ತಾತ್ಪರ್ಯ. ತರ್ಕದ ದೃಷ್ಟಿಯಿಂದ ಕೃತಿಯ ದುರ್ಬಲ ಸ್ಥಳ ಇದೇ. ವೈದ್ಯನು ರೋಗವನ್ನು ಸೃಷ್ಟಿಸಿದವನಲ್ಲ. ಆತನಿಗೆ ರೋಗಿಯ ಶರೀರದ ಮೇಲೆ ಪೂರ್ಣಾಧಿಕಾರವೂ ಇಲ್ಲ. ಸರ್ವಶಕ್ತನಾದ ಸೃಷ್ಟಿಕರ್ತನಿಗೆ ಆ ಹೋಲಿಕೆ ಸಲ್ಲುವುದಿಲ್ಲ. ಮುಂದೆ ಲೂಯಿಸ್ ಅವರಿಗೆ ಬಂದ ನೆಮ್ಮದಿಯು ಈ ದೃಷ್ಟಾಂತದಿಂದ ಬಂದುದೂ ಅಲ್ಲ. ಒಂದು ಮುಂಜಾವಿನಲ್ಲಿ, ಚೆನ್ನಾಗಿ ನಿದ್ದೆ ಬಂದ ಮೇಲೆ, ಮೋಡ ಸರಿದು ಬಿಸಿಲು ಬಂದಾಗ, ಹೃದಯ ಹಗುರಾಗಿತ್ತೆಂದೂ, ಅಳು ಕಡಿಮೆಯಾದೊಡನೆ ಪತ್ನಿಯ ನೆನಪು ಹಿಂದೆಂದಿಗಿಂತ ಸ್ಪಷ್ಟವಾಗಿ ಮೂಡಿತೆಂದೂ ಅವರು ದಾಖಲಿಸುತ್ತಾರೆ. ಬಾಗಿಲನ್ನು ತಾವೇ ಬಡಿಯುತ್ತಿದ್ದ ಸದ್ದಿನಲ್ಲಿ ಒಳಗಿನ ದನಿ ಕೇಳಿಸದೆ ಹೋಯಿತೇನೋ ಎಂದು ಶಂಕಿಸುತ್ತಾರೆ. ಈ ನೆಮ್ಮದಿಯನ್ನು ಪವಾಡವೆಂದು ಹೇಳಿಕೊಳ್ಳುವ ಅವಕಾಶವಿದ್ದರೂ ಅವರು ಹಾಗೆ ಮಾಡದೆ ನಿದ್ದೆಗೂ ಬಿಸಿಲಿಗೂ ಸಲ್ಲಬೇಕಾದ ಪಾಲನ್ನು ಸಲ್ಲಿಸಿದರು.

ನಾಲ್ಕನೆಯ ಭಾಗದಲ್ಲಿ ಅವರು ತಲುಪುವ ನಿಲುವು ಮೂರು ಅಂಶಗಳಲ್ಲಿ ಅಡಕವಾಗಿದೆ. ಮೊದಲನೆಯದಾಗಿ, ಅಗಲಿದ ಪತ್ನಿಯನ್ನು ಮರಳಿ ಪಡೆಯುವ ಮಾರ್ಗವಾಗಿ ದೇವರನ್ನು ಅರಸುವವನು ದೇವರನ್ನು ಅರಸುತ್ತಲೇ ಇಲ್ಲ. ಎರಡನೆಯದಾಗಿ, ದೇವರ ಬಗೆಗೂ ಪ್ರಿಯಳ ಬಗೆಗೂ ಮನಸ್ಸು ಕಟ್ಟಿಕೊಂಡ ಚಿತ್ರಗಳು ಒಡೆಯಲೇಬೇಕು. ವಸ್ತು ಬೇರೆ, ಅದರ ಕಲ್ಪನೆ ಬೇರೆ. ಮೂರನೆಯದಾಗಿ, ಉತ್ತರ ಬಾರದಿದ್ದರೂ ಆ ಮೌನದ ಸ್ವರೂಪ ಬದಲಾಯಿತು. ನಿರಾಕರಣೆಯೆಂದು ತೋರಿದ್ದು ಕರುಣೆಯ ದೃಷ್ಟಿಯಂತೆ ತೋರತೊಡಗಿತು. ಇನ್ನು ಬರೆಯಲು ಹೊಸ ಪುಸ್ತಕಗಳನ್ನು ಕೊಳ್ಳುವುದಿಲ್ಲವೆಂದು ಅವರು ನಿಶ್ಚಯಿಸುತ್ತಾರೆ. ಮನೆಯಲ್ಲಿರುವ ಹಾಳೆಗಳು ಮುಗಿಯುವವರೆಗೆ ಮಾತ್ರ ಶೋಕದ ಬರವಣಿಗೆ. ಪರಿಗ್ರಹಕ್ಕೆ ಪರಿಮಾಣವನ್ನು ವಿಧಿಸಿಕೊಳ್ಳುವ ಶ್ರಾವಕರಿಗೆ, ಶೋಕಕ್ಕೂ ಪರಿಮಾಣವನ್ನು ವಿಧಿಸಿಕೊಂಡ ಈ ಕ್ರೈಸ್ತ ಗೃಹಸ್ಥರು ಅಪರಿಚಿತರಾಗಿ ಕಾಣಲಾರರು. ಪತ್ನಿಯು ಕೊನೆಯಲ್ಲಿ ತಾನು ದೇವರೊಡನೆ ಶಾಂತಿಯಿಂದಿರುವುದಾಗಿ ಪಾದ್ರಿಗೆ ಹೇಳಿದ್ದನ್ನು ನೆನೆಯುವುದರೊಂದಿಗೆ ಕೃತಿ ಮುಗಿಯುತ್ತದೆ. ಆಕೆಯ ಮುಗುಳ್ನಗೆ ಆಗ ಪತಿಯ ಕಡೆಗೆ ತಿರುಗಿರಲಿಲ್ಲ. ಅದನ್ನು ಅವರು ಒಪ್ಪಿಕೊಂಡರು. ಹಿಡಿದ ಕೈಯನ್ನು ಬಿಡುವುದರಲ್ಲಿಯೇ ಅವರಿಗೆ ಸಾಂತ್ವನ ದೊರೆಯಿತು.

ಈ ಕೃತಿಯನ್ನು ಜೈನ ದೃಷ್ಟಿಯಿಂದ ಓದುವಾಗ ಭೇದವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಜೈನದರ್ಶನದಲ್ಲಿ ಸೃಷ್ಟಿಕರ್ತನಿಲ್ಲ, ಆದುದರಿಂದ ಆರೋಪಿಸಲು ಎದುರಾಳಿಯಿಲ್ಲ, ಸಮರ್ಥಿಸಿಕೊಳ್ಳಬೇಕಾದ ದೇವರಿಲ್ಲ, ಬಡಿಯಲು ಬಾಗಿಲೂ ಇಲ್ಲ. ಅಸಾತಾವೇದನೀಯದ ಉದಯದಿಂದ ದುಃಖ, ಆಯುಃಕರ್ಮದ ಕ್ಷಯದಿಂದ ಮರಣ ಎಂಬುದು ಸಿದ್ಧಾಂತ. ಬಸದಿಯಲ್ಲಿ ವೀತರಾಗ ಬಿಂಬದ ಮುಂದೆ ನಿಂತವನಿಗೆ ಆ ಮೌನವು ಮೊದಲೇ ತಿಳಿದದ್ದು. ಜಿನನು ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ಲೂಯಿಸ್ ಕೊನೆಯಲ್ಲಿ ಕಂಡ ಮೌನ ಪ್ರೀತಿಸುವ ವ್ಯಕ್ತಿಯ ಮೌನ. ಜಿನಬಿಂಬದ್ದು ರಾಗದ್ವೇಷಗಳನ್ನು ಗೆದ್ದವನ ಮೌನ. ಎರಡೂ ಒಂದೇ ಎನ್ನುವುದು ಅನೇಕಾಂತವಲ್ಲ, ಅವಿವೇಕ.

ಆದರೆ ಸಿದ್ಧಾಂತವು ನಿರ್ದುಷ್ಟವಾಗಿರುವುದರಿಂದ ಸಿದ್ಧಾಂತವನ್ನು ನುಡಿಯುವವರೂ ನಿರ್ದುಷ್ಟರೆಂದು ಭಾವಿಸಲಾಗದು. ದೇವರ ಇಚ್ಛೆ ಎಂಬ ಮಾತು ಕ್ರೈಸ್ತ ಮನೆಯಲ್ಲಿ ಹೇಗೆ ಇರಿಯಬಲ್ಲುದೋ, ಪೂರ್ವಕರ್ಮ ಎಂಬ ಮಾತು ಜೈನ ಮನೆಯಲ್ಲಿ ಹಾಗೆಯೇ ಇರಿಯುತ್ತದೆ. ಒಂದು ವಿಧದಲ್ಲಿ ಇನ್ನೂ ಆಳವಾಗಿ. ಲೂಯಿಸ್ ಕೋಪಗೊಂಡಾಗ ದೇವರನ್ನು ನಿಂದಿಸಿದರು. ಎಳೆಯ ಮಗನನ್ನು ಕಳೆದುಕೊಂಡ ತಾಯಿಗೆ ನೆರೆಯಾಕೆ ಕರ್ಮದ ಮಾತನ್ನಾಡಿದಾಗ ನಿಂದೆಯು ಆ ತಾಯಿಯ ಮೇಲೆಯೇ, ಇಲ್ಲವೆ ಸತ್ತ ಕೂಸಿನ ಮೇಲೆಯೇ ಬೀಳುತ್ತದೆ. ಯಾವ ಭವದ ಯಾವ ಕರ್ಮ ಯಾರಲ್ಲಿ ಉದಯಕ್ಕೆ ಬಂದಿದೆಯೆಂದು ಕೇವಲಜ್ಞಾನಿಯ ಹೊರತು ಬಲ್ಲವರಾರು? ಅರಿಯದೆ ಆಡಿದ ಆ ಮಾತಿನಲ್ಲಿ ಸತ್ಯವ್ರತಕ್ಕೂ ಅಹಿಂಸಾವ್ರತಕ್ಕೂ ಲೋಪವಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ದುಃಖಶೋಕಾದಿಗಳನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದನ್ನು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಎಣಿಸಿದ್ದಾರೆ. ಕರ್ಮಸಿದ್ಧಾಂತವನ್ನು ಹೇಳಿ ದುಃಖಿತರನ್ನು ನೋಯಿಸುವವನು ಅದೇ ಸಿದ್ಧಾಂತದ ಪ್ರಕಾರ ತನ್ನ ಲೆಕ್ಕಕ್ಕೆ ಹೊಸ ಸಾಲವನ್ನು ಬರೆದುಕೊಳ್ಳುತ್ತಾನೆ. ಅದೇ ಸೂತ್ರವು ಶೋಕದಲ್ಲಿ ಮುಳುಗಿದವನಿಗೂ ಎಚ್ಚರಿಕೆಯನ್ನು ಕೊಡುತ್ತದೆ. ಇಷ್ಟವಿಯೋಗದ ಚಿಂತೆಯಲ್ಲಿಯೇ ಸುತ್ತುವ ಮನಸ್ಸು ಆರ್ತಧ್ಯಾನಕ್ಕೆ ಒಳಗಾಗುತ್ತದೆ. ತಮ್ಮ ಕೂಗೇ ತಮ್ಮನ್ನು ಕಿವುಡಾಗಿಸಿತೆಂದು ಲೂಯಿಸ್ ಅರಿತದ್ದೂ ಇದಕ್ಕೆ ಹತ್ತಿರವಾದದ್ದೇ.

ಹಾಗಾದರೆ ದುಃಖಿತರನ್ನು ಎಚ್ಚರಿಸುವ ಬಗೆ ಯಾವುದು? ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಇದಕ್ಕೆ ಉತ್ತರವಿದೆ. ಲಕ್ಷ್ಮಣನು ಮೃತನಾದಾಗ ರಾಮನು ಅದನ್ನು ಒಪ್ಪದೆ ತಮ್ಮನ ದೇಹವನ್ನು ಹೊತ್ತುಕೊಂಡು ಆರು ತಿಂಗಳು ಅಲೆದನು. ವಿಭೀಷಣ, ಸುಗ್ರೀವಾದಿಗಳು ಬಂದು ಸಂಸಾರದ ಅನಿತ್ಯತೆಯನ್ನು ಬೋಧಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ; ಆದರೂ ಅದು ರಾಮನ ಕಿವಿಗೆ ಹೋಗಲಿಲ್ಲ. ಹಿಂದೆ ರಾಮನ ಸೇನಾಪತಿಯಾಗಿದ್ದ ಕೃತಾಂತವಕ್ತ್ರನೂ ಜಟಾಯುವೂ ದೇವಗತಿಯಿಂದ ಇಳಿದು ಬಂದು ಬೇರೆ ದಾರಿಯನ್ನು ಹಿಡಿದರು. ಒಣಗಿದ ಮರಕ್ಕೆ ನೀರೆರೆದರು, ಬೆಣ್ಣೆಗಾಗಿ ನೀರನ್ನು ಕಡೆದರು, ಎಣ್ಣೆಗಾಗಿ ಮರಳನ್ನು ಗಾಣಕ್ಕೆ ಹಾಕಿದರು. ಕೊನೆಗೆ ಹೆಣವೊಂದನ್ನು ಹೆಗಲ ಮೇಲೆ ಹೊತ್ತು ರಾಮನ ಎದುರಿಗೆ ನಡೆದರು. ಹೆಣವನ್ನೇಕೆ ಹೊತ್ತಿದ್ದೀರಿ ಎಂಬ ಪ್ರಶ್ನೆ ರಾಮನ ಬಾಯಿಂದಲೇ ಹೊರಟಿತು. ಅದೇ ಪ್ರಶ್ನೆ ಅವನಿಗೆ ಉತ್ತರವಾಗಿ ಮರಳಿತು. ಉಪದೇಶಿಸಿದವರು ದುಃಖದ ಹೊರಗೆ ನಿಂತಿದ್ದರು. ಎಚ್ಚರಿಸಿದವರು ಅದೇ ಭಾರವನ್ನು ಹೊತ್ತು ಜೊತೆಯಲ್ಲಿ ನಡೆದರು. ೧೯೪೦ರ ಲೂಯಿಸ್ ವಿಭೀಷಣನ ಪಂಕ್ತಿಯವರು. ೧೯೬೧ರ ಲೂಯಿಸ್ ಹೆಗಲ ಮೇಲೆ ಭಾರವನ್ನು ಹೊತ್ತು ಬಂದವರು. ದುಃಖಿತ ಓದುಗರು ಎರಡನೆಯ ಪುಸ್ತಕವನ್ನು ಎದೆಗೆ ಹತ್ತಿರವಿಟ್ಟುಕೊಳ್ಳಲು ಕಾರಣ ಇದೇ.

ಪ್ರತಿದಿನ ಅರಹಂತ, ಸಿದ್ಧ, ಸಾಧು, ಕೇವಲಿಪ್ರಣೀತ ಧರ್ಮ ಎಂಬ ನಾಲ್ಕು ಶರಣುಗಳನ್ನು ಸ್ಮರಿಸುವ ಶ್ರಾವಕರೇ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶರಣಭಾವನೆಯನ್ನೂ ಚಿಂತಿಸುತ್ತಾರೆ. ಇದರಲ್ಲಿ ವಿರೋಧವಿಲ್ಲ. ಮರಣವನ್ನು ತಡೆಯುವ ಶರಣು ಯಾವುದೂ ಇಲ್ಲ. ಮರಣದ ಎದುರಿನಲ್ಲಿ ಪರಿಣಾಮವು ಕೆಡದಂತೆ ಕಾಯುವ ಶರಣು ಇದೆ. ಲೂಯಿಸ್ ಅವರಿಗೂ ಕಳೆದುಕೊಂಡದ್ದು ಮರಳಿ ಬರಲಿಲ್ಲ. ಸಮತೆ ಮರಳಿ ಬಂದಿತು. ಸಾಂತ್ವನವೆಂಬುದು ಅಷ್ಟೇ, ಆದರೆ ಅದು ಅಲ್ಪವಲ್ಲ.

ಇದರಿಂದ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಗ್ರಹಿಸಬೇಕಾದದ್ದು ಸರಳವಾದದ್ದು. ಮಳೆಗಾಲಕ್ಕೆ ಮುಂಚೆಯೇ ಸೂರನ್ನು ಹೊದಿಸಬೇಕು. ಅನಿತ್ಯ-ಅಶರಣ ಭಾವನೆಗಳ ಪಠಣ ಮತ್ತು ಪ್ರವಚನ ಆರೋಗ್ಯದ, ನೆಮ್ಮದಿಯ ದಿನಗಳಲ್ಲಿ ನಡೆಯಲಿ. ಸಾವಿನ ಮನೆಯ ಹೊಸ್ತಿಲು ಅದನ್ನು ಕಲಿಸುವ ಸ್ಥಳವಲ್ಲ. ಅಲ್ಲಿಗೆ ಹೋದವರು ಮಾತನ್ನು ಕಡಿಮೆ ಮಾಡಿ ಕೆಲಸಕ್ಕೆ ಕೈಹಚ್ಚಲಿ. ಅಗಲಿದವರ ಹೆಸರನ್ನು ಹೇಳಲು ಅಂಜದಿರಲಿ.  ಮೊದಲ ವಾರದ ಜನಜಂಗುಳಿ ಕರಗಿದ ಮೇಲೆ, ಮೂರನೆಯ ತಿಂಗಳಿನಲ್ಲಿ ಒಮ್ಮೆ ಬಾಗಿಲು ತಟ್ಟುವವರು ಒಬ್ಬರಾದರೂ ಇರಲಿ. ಸ್ಥಿತೀಕರಣ, ವಾತ್ಸಲ್ಯಗಳೆಂದು ಶಾಸ್ತ್ರದಲ್ಲಿ ಓದುವ ಅಂಗಗಳು ಆಚರಣೆಗೆ ಬರುವುದು ಹೀಗೆಯೇ.